ಎರಡೇ ಆಲ್ಬಂ ಮಾಡಿದ ಬ್ಯಾಂಡಿನ ‘ಗ್ರೇಟೆಸ್ಟ್ ಹಿಟ್ಸ್’: ಕೊಳ್ಳೋದಾ, ಬಿಡೋದಾ?

ಆಲ್ ಸೇಂಟ್ಸ್ ಅಂತ ಲಂಡನ್ನಿನ ಒಂದು ಪಾಪ್ ಬ್ಯಾಂಡ್. ನಾಲ್ವರು ಹುಡುಗಿಯರು. ಮೊದಲ ಆಲ್ಬಂ 1997ರಲ್ಲಿ ಬಂತು, ಎರಡನೆಯದು 2000ದಲ್ಲಿ. 2001ರಲ್ಲಿ ಬ್ಯಾಂಡ್ ಒಡೆಯಿತು. ಫೋಟೋ ತೆಗೆಸಿಕೊಳ್ಳುವಾಗ ಒಂದು ಜಾಕೆಟ್ ಯಾರು ಹಾಕಿಕೊಳ್ಳಬೇಕು ಅನ್ನುವ ಜಗಳವೇ ಕೊನೆಯ ಕಿಡಿ ಎಂದು ಆಮೇಲೆ ಅವರೇ ಹೇಳಿಕೊಂಡರು. ಜಗಳದ ಬಿಸಿ ಆರುವ ಮೊದಲೇ, ಅದೇ ವರ್ಷದ ಕೊನೆಗೆ, ‘ಆಲ್ ಹಿಟ್ಸ್’ ಎಂಬ ಸಂಗ್ರಹ ಮಾರುಕಟ್ಟೆಗೆ ಬಂತು.

ಎರಡು ಆಲ್ಬಂ, ಅದರ ಮೇಲೊಂದು ಗ್ರೇಟೆಸ್ಟ್ ಹಿಟ್ಸ್. ಕೇಳಿದರೆ ನಗು ಬರುತ್ತದೆ, ಅಲ್ವಾ? ಇಪ್ಪತ್ತು ವರ್ಷ ಹಾಡಿದವರದ್ದಾದರೆ ರಾಶಿಯಿಂದ ಕಾಳು ಆರಿಸಿದ್ದಾರೆ ಅನ್ನಬಹುದು. ಇಲ್ಲಿ ರಾಶಿಯೇ ಒಂದು ಬೊಗಸೆ.

ಆದರೂ ಸುಮ್ನೆ ನಕ್ಕು ಬಿಡುವ ವಿಷಯ ಇದಲ್ಲ. ಕೆಲವು ಅಲ್ಪಾಯುಷಿ ಬ್ಯಾಂಡುಗಳ ಮಟ್ಟಿಗೆ ಸಂಗ್ರಹವೊಂದಿದ್ದರೆ ಸಾಕು, ಬೇರೇನೂ ಬೇಡ. ಇನ್ನು ಕೆಲವರದ್ದು ದುಡ್ಡು ದಂಡ. ಯಾವುದು ಯಾವುದೆಂದು ತಿಳಿಯಲು ನಾನು ಕೇಳಿಕೊಳ್ಳುವ ಪ್ರಶ್ನೆ ಒಂದೇ: ಇದರಲ್ಲಿರುವ ಎಷ್ಟು ಹಾಡು, ಇದೇ ರೂಪದಲ್ಲಿ, ಅವರ ಮಾಮೂಲಿ ಆಲ್ಬಂಗಳಲ್ಲಿ ಸಿಗುವುದಿಲ್ಲ? ‘ಇದೇ ರೂಪದಲ್ಲಿ’ ಅನ್ನುವುದನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ, ಅದಕ್ಕೆ ಮತ್ತೆ ಬರುತ್ತೇನೆ.

ಮೊದಲು ಲೆಕ್ಕ. ಪಾಪ್ ಬ್ಯಾಂಡುಗಳ ಬದುಕು ನಡೆಯುವುದೇ ಸಿಂಗಲ್‌ಗಳ ಮೇಲೆ. ಸಿಂಗಲ್ ಅಂದರೆ ಆಲ್ಬಂನಿಂದ ಬೇರೆಯಾಗಿ, ಒಂಟಿಯಾಗಿ ಬಿಡುಗಡೆಯಾಗುವ ಹಾಡು. ರೇಡಿಯೋದಲ್ಲಿ ಬರುವುದು ಅದು, ಚಾರ್ಟಿಗೆ, ಅಂದರೆ ವಾರವಾರದ ಜನಪ್ರಿಯತೆಯ ಪಟ್ಟಿಗೆ, ಏರುವುದು ಅದು. ಹಾಗಾಗಿ ಗ್ರೇಟೆಸ್ಟ್ ಹಿಟ್ಸ್ ಅಂದರೆ ಹೆಚ್ಚುಕಡಿಮೆ ಸಿಂಗಲ್‌ಗಳ ಪಟ್ಟಿ. ಆಲ್ ಸೇಂಟ್ಸ್ 2001ರ ಹೊತ್ತಿಗೆ ಬಿಟ್ಟಿದ್ದು ಎಂಟು ಸಿಂಗಲ್. ಅದರಲ್ಲೊಂದು ಜೋಡಿ ಹಾಡಿನದ್ದು, ಹಾಗಾಗಿ ಒಟ್ಟು ಒಂಬತ್ತು ಹಾಡು. ಎಂಟೂ ಸಿಂಗಲ್ ಬ್ರಿಟನ್ನಿನ ಮೊದಲ ಹತ್ತರೊಳಗೆ ಬಂದವು, ಐದು ಮೊದಲ ಸ್ಥಾನಕ್ಕೇರಿದವು. ಅಂಕಪಟ್ಟಿ ಭರ್ಜರಿಯಾಗಿದೆ.

ಹಾಡಿಗೆ ನಾಲ್ಕು ನಿಮಿಷ ಅಂತ ಇಟ್ಟುಕೊಂಡರೆ ಒಂಬತ್ತು ಹಾಡಿಗೆ 36 ನಿಮಿಷ. ಒಂದು ಸಿಡಿಯಲ್ಲಿ 74 ನಿಮಿಷ ಹಿಡಿಸುತ್ತದೆ, ನಂತರದ ಸಿಡಿಗಳಲ್ಲಿ 80ರ ಹತ್ತಿರ. ಅಂದರೆ ಅರ್ಧ ಸಿಡಿ ಖಾಲಿ. ಆ ಖಾಲಿ ಜಾಗದಲ್ಲಿ ಏನು ತುಂಬುತ್ತಾರೆ ಅನ್ನುವುದರ ಮೇಲೆ ಸಂಗ್ರಹದ ಹಣೆಬರಹ ನಿಂತಿರುತ್ತದೆ.

ತುಂಬುವ ಸಾಮಾನು ಬಹಳ ಬಗೆಯದ್ದೇನಲ್ಲ. ಅತ್ಯಂತ ಸುಲಭದ್ದು ರೀಮಿಕ್ಸ್. ಅದೇ ಹಾಡು, ಕುಣಿಯುವವರಿಗಾಗಿ ತಾಳ ಹೆಚ್ಚಿಸಿದ್ದು. ಮನೆಯಲ್ಲಿ ಕೂತು ಎರಡನೇ ಸಲ ಕೇಳುವವರು ಕಡಿಮೆ. ಇನ್ನೊಂದು, ಆಲ್ಬಂನಿಂದ ಎತ್ತಿಕೊಂಡ, ಎಂದೂ ಸಿಂಗಲ್ ಆಗದ ಹಾಡು. ಅದು ಹಿಟ್ ಅಲ್ಲವೇ ಅಲ್ಲ, ಆದರೂ ಹೊದಿಕೆಯ ಮೇಲೆ ‘ಹಿಟ್ಸ್’ ಎಂದೇ ಇರುತ್ತದೆ.

ಮೂರನೆಯದು ಬಿ-ಸೈಡ್. ಇದು ಸಿಕ್ಕರೆ ಮಾತ್ರ ನನ್ನ ಕಿವಿ ನೆಟ್ಟಗಾಗುತ್ತದೆ. ಹಳೆಯ ಸಿಂಗಲ್ ತಟ್ಟೆಯ ಒಂದು ಬದಿಗೆ ಮುಖ್ಯ ಹಾಡು, ಇನ್ನೊಂದು ಬದಿಗೆ ಏನಾದರೂ ಹಾಕಬೇಕಲ್ಲ ಎಂದು ಹಾಕಿದ ಹಾಡು. ಯಾರ ಕಾಟವೂ ಇಲ್ಲದ ಜಾಗವಾದ್ದರಿಂದ ಬ್ಯಾಂಡುಗಳು ಅಲ್ಲಿ ಮನಸ್ಸಿಗೆ ಬಂದಂತೆ ಆಡುತ್ತಿದ್ದವು. ಯಾಜೂ ಅನ್ನುವ ಇಬ್ಬರ ಬ್ಯಾಂಡನ್ನೇ ನೋಡಿ. ವಿನ್ಸ್ ಕ್ಲಾರ್ಕ್ ಮತ್ತು ಆಲಿಸನ್ ಮೊಯೆ. 1982ರಲ್ಲಿ ಒಂದು ಆಲ್ಬಂ, 1983ರಲ್ಲಿ ಇನ್ನೊಂದು, ಅಲ್ಲಿಗೆ ಮುಗಿಯಿತು. ಅವರ ಮೊದಲ ಸಿಂಗಲ್ ‘ಓನ್ಲಿ ಯೂ’ ಬ್ರಿಟನ್ನಿನಲ್ಲಿ ಎರಡನೇ ಸ್ಥಾನಕ್ಕೆ ಬಂತು. ಅದರ ಹಿಂಬದಿಯಲ್ಲಿದ್ದ ‘ಸಿಚುಯೇಶನ್’ ಅಮೆರಿಕದ ಡ್ಯಾನ್ಸ್ ಚಾರ್ಟಿನಲ್ಲಿ ಮೊದಲ ಸ್ಥಾನಕ್ಕೇ ಹೋಯಿತು. ಇಂಥ ಹಾಡು ಬರೀ ಆಲ್ಬಂ ಕೊಂಡವನ ಕೈ ತಪ್ಪಿಹೋಗುವ ಸಾಧ್ಯತೆ ಇರುತ್ತದೆ. ಸಂಗ್ರಹ ನಿಜಕ್ಕೂ ಕೆಲಸಕ್ಕೆ ಬರುವುದು ಇಲ್ಲಿ.

ಕೊನೆಯದು, ‘ಹೊಚ್ಚಹೊಸ ಹಾಡು ಸೇರಿದೆ’ ಎಂಬ ಗಾಳ. ಟೇಕ್ ದಟ್ ಬ್ಯಾಂಡ್ 1996ರ ಫೆಬ್ರವರಿಯಲ್ಲಿ ಒಡೆದಾಗ ಹೀಗೇ ಆಯಿತು. ಮುಂದಿನ ತಿಂಗಳೇ ಗ್ರೇಟೆಸ್ಟ್ ಹಿಟ್ಸ್ ಬಂತು. ಅದರಲ್ಲಿದ್ದ ಹೊಸದೆಂದರೆ ಬೀ ಜೀಸ್ ಎಂಬ ಹಳೆಯ ಬ್ಯಾಂಡಿನ ಹಾಡೊಂದನ್ನು ತಾವು ಹಾಡಿದ್ದು, ಅಷ್ಟೇ. ಅವರ ಮೂರೂ ಆಲ್ಬಂ ಇಟ್ಟುಕೊಂಡಿದ್ದ ಅಭಿಮಾನಿ ಒಂದು ಹಾಡಿಗಾಗಿ ಇಡೀ ಸಂಗ್ರಹ ಕೊಂಡ. ಅಳುತ್ತಿದ್ದ ಅಭಿಮಾನಿಯ ಜೇಬಿಗೆ ಕೈ ಹಾಕಿದ್ದು ಎಂದು ನನಗಂತೂ ಅನಿಸುತ್ತದೆ. ಆ ಹಾಡು ಮೊದಲ ಸ್ಥಾನಕ್ಕೆ ಹೋಯಿತು ಅನ್ನುವುದು ಬೇರೆ ಮಾತು.

ಇನ್ನೊಂದು ದಿಕ್ಕಿನಿಂದಲೂ ನೋಡಬೇಕು. ಹಾಡಿ ಹಾಡಿ ಹಣ್ಣಾದ ಮೇಲೆಯೇ ಸಂಗ್ರಹ ತರಬೇಕು ಅನ್ನುವುದು ನಮ್ಮ ತಲೆಯಲ್ಲಿರುವ ಚಿತ್ರ. ಇತಿಹಾಸ ಹಾಗೆ ಹೇಳುವುದಿಲ್ಲ. ಗ್ರೇಟೆಸ್ಟ್ ಹಿಟ್ಸ್ ಎಂಬ ಹೆಸರು ಹೊತ್ತ ಮೊದಲ ಆಲ್ಬಂ ಎಂದು ಸಾಮಾನ್ಯವಾಗಿ ಹೇಳುವುದು ಅಮೆರಿಕದ ಗಾಯಕ ಜಾನಿ ಮ್ಯಾಥಿಸ್ ಅವರದ್ದನ್ನು. ಕೊಲಂಬಿಯಾ ಲೇಬಲ್ (ಲೇಬಲ್ ಅಂದರೆ ಹಾಡು ಮುದ್ರಿಸಿ ಮಾರುವ ಕಂಪನಿ) 1958ರಲ್ಲಿ ಹೊರತಂದದ್ದು. ಆಗಿನ್ನೂ ಅವರ ಮೊದಲ ಹಿಟ್‌ಗೆ ಎರಡು ವರ್ಷವೂ ತುಂಬಿರಲಿಲ್ಲ! ಆದರೂ ಅದು ಅಮೆರಿಕದ ಬಿಲ್‌ಬೋರ್ಡ್ ಚಾರ್ಟಿನಲ್ಲಿ ಒಟ್ಟು 490 ವಾರ ಕೂತಿತ್ತು, ಒಂಬತ್ತು ವರ್ಷಕ್ಕೂ ಜಾಸ್ತಿ. ಆ ಕಾಲದಲ್ಲಿ ಸಿಂಗಲ್‌ಗಳನ್ನು ಆಲ್ಬಂಗೆ ಸೇರಿಸಲೇಬೇಕೆಂದು ಇರಲಿಲ್ಲ. ಚಿಕ್ಕ ಚಿಕ್ಕ ತಟ್ಟೆಗಳಲ್ಲಿ ಚದುರಿಹೋಗಿದ್ದ ಹಾಡುಗಳು ಒಂದು ದೊಡ್ಡ ತಟ್ಟೆಯಲ್ಲಿ ಸಿಕ್ಕಿದವು. ಈಗಲ್ಸ್ ಬ್ಯಾಂಡಿನ ಕಥೆಯೂ ಬೇರೆಯಲ್ಲ. 1976ರ ಫೆಬ್ರವರಿಯಲ್ಲಿ ಅವರ ಸಂಗ್ರಹ ಬಂದಾಗ ಕೈಯಲ್ಲಿದ್ದದ್ದು ನಾಲ್ಕೇ ಆಲ್ಬಂ. ಅವರದ್ದೆಂದರೆ ಎಲ್ಲರಿಗೂ ನೆನಪಾಗುವ ‘ಹೋಟೆಲ್ ಕ್ಯಾಲಿಫೋರ್ನಿಯಾ’ ಬಂದಿದ್ದು ಆ ವರ್ಷದ ಡಿಸೆಂಬರ್‌ನಲ್ಲಿ. ಹಾಗಿದ್ದೂ 2018ರಲ್ಲಿ ಆ ಸಂಗ್ರಹಕ್ಕೆ ಅಮೆರಿಕದಲ್ಲಿ 38 ಪಟ್ಟು ಪ್ಲಾಟಿನಂ, ಅಂದರೆ 3.8 ಕೋಟಿ ಪ್ರತಿಗಳ ಲೆಕ್ಕದ, ಮನ್ನಣೆ ಸಿಕ್ಕಿತು.

ಹಾಗಾದರೆ ಬ್ಯಾಂಡಿನ ಆಯಸ್ಸು ಚಿಕ್ಕದು ಅನ್ನುವುದೇ ದೋಷವಲ್ಲ. ಹಾಡುಗಳು ಎಲ್ಲಿ ಚದುರಿವೆ ಅನ್ನುವುದನ್ನು ನೋಡಬೇಕು. ಇದಕ್ಕೆ ವ್ಯಾಮ್! ಬ್ಯಾಂಡಿಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಜಾರ್ಜ್ ಮೈಕಲ್ ಮತ್ತು ಆಂಡ್ರೂ ರಿಜ್ಲಿ 1981ರಲ್ಲಿ ಕಟ್ಟಿದ್ದು. 1986ರ ಜೂನ್ 28ರಂದು ವೆಂಬ್ಲಿ ಮೈದಾನದಲ್ಲಿ ಕಡೆಯ ಸಲ ಹಾಡಿ ಮುಗಿಸಿದರು. ಬ್ರಿಟನ್ನಿನಲ್ಲಿ ಅವರು ತಂದದ್ದು ಎರಡೇ ಸ್ಟುಡಿಯೋ ಆಲ್ಬಂ, 1983ರದ್ದು ಮತ್ತು 1984ರದ್ದು. ‘ಲಾಸ್ಟ್ ಕ್ರಿಸ್‌ಮಸ್’ ಗೊತ್ತಲ್ಲ, ಪ್ರತಿ ಡಿಸೆಂಬರ್‌ನಲ್ಲೂ ಬೇಡವೆಂದರೂ ಕಿವಿಗೆ ಬೀಳುತ್ತದೆ. ಅದು ಆ ಎರಡರಲ್ಲೂ ಇಲ್ಲ. 1985ರ ‘ಐಮ್ ಯುವರ್ ಮ್ಯಾನ್’ ಇಲ್ಲ. 1986ರ ‘ದಿ ಎಡ್ಜ್ ಆಫ್ ಹೆವನ್’ ಕೂಡ ಇಲ್ಲ. ಎರಡೂ ಆಲ್ಬಂ ಕೊಂಡ ಬ್ರಿಟನ್ನಿನ ಕೇಳುಗನಿಗೆ ಅವರ ಅತಿ ದೊಡ್ಡ ಹಾಡುಗಳಲ್ಲಿ ಮೂರು ಸಿಕ್ಕಿರಲಿಲ್ಲ. ವಿದಾಯದ ಹೊತ್ತಿಗೆ ಬಂದ ‘ದಿ ಫೈನಲ್’ ಎಂಬ ಎರಡು ತಟ್ಟೆಯ ಸಂಗ್ರಹದಲ್ಲಿ ಮೂರೂ ಇದ್ದವು.

ಇಲ್ಲೊಂದು ತಿರುವು ಇದೆ. ಅದೇ 1986ರಲ್ಲಿ ಅಮೆರಿಕದಲ್ಲಿ ಈ ಹಾಡುಗಳನ್ನೇ ಸೇರಿಸಿ ಬೇರೆಯೇ ಒಂದು ಆಲ್ಬಂ ಬಿಟ್ಟರು. ಅಂದರೆ ಬ್ಯಾಂಡ್ ಅದೇ, ಹಾಡು ಅವೇ, ಆದರೆ ‘ಸಂಗ್ರಹ ಬೇಕಾ’ ಎಂಬ ಪ್ರಶ್ನೆಗೆ ಅಮೆರಿಕದವನ ಉತ್ತರ ಬೇರೆ, ಬ್ರಿಟನ್ನಿನವನ ಉತ್ತರ ಬೇರೆ. ಹಳೆಯ ಸಿಡಿ ಕೊಳ್ಳುವಾಗ ಅದು ಯಾವ ದೇಶದ ಮುದ್ರಣ ಎಂದು ನೋಡಬೇಕಾದದ್ದು ಇದಕ್ಕೇ. ಕ್ವೀನ್ ಬ್ಯಾಂಡಿನ 1981ರ ಸಂಗ್ರಹವಂತೂ ಒಂದೊಂದು ದೇಶದಲ್ಲಿ ಒಂದೊಂದು ಪಟ್ಟಿಯೊಂದಿಗೆ ಬಂದಿತ್ತು.

ಈಗ ‘ಇದೇ ರೂಪದಲ್ಲಿ’ ಅನ್ನುವ ಮಾತಿಗೆ ಬರೋಣ. ಹೆಚ್ಚಿನವರು ಎಡವುವುದು ಇಲ್ಲಿಯೇ. ಪಟ್ಟಿಯಲ್ಲಿ ಹಾಡಿನ ಹೆಸರು ನೋಡುತ್ತೇವೆ, ಇದೆ ಎಂದು ಕೊಂಡುಬಿಡುತ್ತೇವೆ. ಆದರೆ ಒಂದು ಪಾಪ್ ಹಾಡಿಗೆ ಅವತಾರ ಹಲವು. ರೇಡಿಯೋಗೆಂದು ಕತ್ತರಿಸಿದ ಮೂರೂವರೆ ನಿಮಿಷದ್ದು, ಆಲ್ಬಂನ ಉದ್ದನೆಯದು, ಹನ್ನೆರಡು ಇಂಚಿನ ತಟ್ಟೆಗೆಂದು ಹಿಗ್ಗಿಸಿದ್ದು. ನಿಮ್ಮ ನೆನಪಿನಲ್ಲಿರುವುದು ಬಹುಪಾಲು ರೇಡಿಯೋದ್ದು.

ಈ ಅವತಾರಗಳ ಆಟವನ್ನು ವಿಪರೀತಕ್ಕೆ ಒಯ್ದವರು ಲಿವರ್‌ಪೂಲಿನ ಫ್ರಾಂಕಿ ಗೋಸ್ ಟು ಹಾಲಿವುಡ್. 1984ರಲ್ಲಿ ಅವರ ಮೊದಲ ಮೂರು ಸಿಂಗಲ್ ಒಂದಾದ ಮೇಲೊಂದು ಬ್ರಿಟನ್ನಿನ ಮೊದಲ ಸ್ಥಾನಕ್ಕೆ ಹೋದವು. ಅದಕ್ಕೂ ಮೊದಲು ಹಾಗೆ ಮಾಡಿದ್ದು 1963ರಲ್ಲಿ ಗೆರ್ರಿ ಅಂಡ್ ದಿ ಪೇಸ್‌ಮೇಕರ್ಸ್ ಮಾತ್ರ. ‘ರಿಲ್ಯಾಕ್ಸ್’ ಹಾಡನ್ನು ಬಿಬಿಸಿ ನಿಷೇಧಿಸಿತು, ಅದು ಇನ್ನಷ್ಟು ಓಡಿತು. ‘ಟೂ ಟ್ರೈಬ್ಸ್’ ಒಂಬತ್ತು ವಾರ ಮೊದಲ ಸ್ಥಾನದಲ್ಲಿ ಕೂತಿತ್ತು. ನಿರ್ಮಾಪಕ ಟ್ರೆವರ್ ಹಾರ್ನ್ ಮತ್ತು ಅವರ ಜೆಡ್‌ಟಿಟಿ ಲೇಬಲ್ ಒಂದೊಂದು ಹಾಡಿಗೂ ಮಿಕ್ಸ್ ಮೇಲೆ ಮಿಕ್ಸ್ ಬಿಟ್ಟರು. ‘ರಿಲ್ಯಾಕ್ಸ್’ನ ಒಂದು ಮಿಕ್ಸ್ ಹದಿನಾರು ನಿಮಿಷಕ್ಕೂ ಉದ್ದ. ಮೊದಲ ಆಲ್ಬಂನ ಶೀರ್ಷಿಕೆ ಹಾಡು ಆಲ್ಬಂನಲ್ಲಿ ಹದಿಮೂರು ನಿಮಿಷ ದಾಟುತ್ತದೆ, ಸಿಂಗಲ್ ಆದಾಗ ಅದನ್ನು ಕತ್ತರಿಸಿ ಚಿಕ್ಕದು ಮಾಡಿದ್ದರು. ರೇಡಿಯೋದಲ್ಲಿ ಕೇಳಿದ ಆ ಚಿಕ್ಕ ಹಾಡಿನ ಆಸೆಗೆ ಆಲ್ಬಂ ಕೊಂಡವನಿಗೆ ಸಿಗುವುದು ಬೇರೆಯೇ ಅನುಭವ. ಅದು ಒಳ್ಳೆಯ ಅನುಭವ ಅನ್ನಿ, ಆದರೆ ಅವನು ಹುಡುಕಿದ್ದು ಅದಲ್ಲ.

ಎರಡೇ ಆಲ್ಬಂ ಮಾಡಿ, 1984 ಮತ್ತು 1986, ಆ ಬ್ಯಾಂಡ್ ಮುಗಿಯಿತು. ಒಟ್ಟು ಸಿಂಗಲ್ ಏಳು. ಆ ಏಳರ ಮೇಲೆ 1993ರಲ್ಲಿ ಒಂದು ಸಂಗ್ರಹ, 2000ದಲ್ಲಿ ಇನ್ನೊಂದು, 2003ರಲ್ಲಿ ಮತ್ತೊಂದು, 2009ರಲ್ಲಿ ಮಗದೊಂದು. ಒಂದೇ ಕಬ್ಬನ್ನು ಗಾಣಕ್ಕೆ ಎಷ್ಟು ಸಲ ಕೊಡಬಹುದು ಎಂದು ನೋಡಬೇಕಾದರೆ ಇವರನ್ನು ನೋಡಬೇಕು. ಈ ಸಂಗ್ರಹಗಳ ನಡುವೆ ವ್ಯತ್ಯಾಸ ಇರುವುದು ಹಾಡಿನಲ್ಲಿ ಕಡಿಮೆ, ಯಾವ ಮಿಕ್ಸ್ ಹಾಕಿದ್ದಾರೆ ಅನ್ನುವುದರಲ್ಲೇ ಜಾಸ್ತಿ.

ಹಾಗಾಗಿ ಹಾಡಿನ ಹೆಸರಿನ ಪಕ್ಕದಲ್ಲಿರುವ ನಿಮಿಷ-ಸೆಕೆಂಡನ್ನು ಓದುವ ಅಭ್ಯಾಸ ಒಳ್ಳೆಯದು. ನಿಮಗೆ ಗೊತ್ತಿರುವ ಹಾಡು ಮೂರು ಮುಕ್ಕಾಲು ನಿಮಿಷದ್ದು, ಹಿಂಬದಿಯಲ್ಲಿ ಆರು ನಿಮಿಷ ಎಂದಿದ್ದರೆ ಅದು ನಿಮ್ಮ ಹಾಡಲ್ಲ.

ಇದಕ್ಕಿಂತ ಕೆಟ್ಟ ಏಟು ಬೀಳುವುದು ಮತ್ತೆ ಹಾಡಿಸಿದ ಹಾಡುಗಳಿಂದ. ನಾನೊಮ್ಮೆ ಹೀಗೆ ಬೇಸ್ತು ಬಿದ್ದಿದ್ದೇನೆ. ಬ್ಯಾಂಡಿನ ಹೆಸರು, ಹಳೆಯ ಫೋಟೋ, ನನಗೆ ಬೇಕಾದ ಹಾಡು, ಎಲ್ಲ ಇತ್ತು. ಹಾಕಿ ಕೇಳಿದರೆ ಮುಖ್ಯ ಗಾಯಕ ವಯಸ್ಸಾದ ಮೇಲೆ ಅಗ್ಗದ ಕೀಬೋರ್ಡ್ ಇಟ್ಟುಕೊಂಡು ಮತ್ತೆ ಹಾಡಿದ್ದು. ರಾಗ ಅದೇ, ಜೀವ ಇರಲಿಲ್ಲ.

ಯಾಕೆ ಹೀಗೆ ಮಾಡುತ್ತಾರೆ? ಧ್ವನಿಮುದ್ರಣದ ಮೂಲ, ಅಂದರೆ ಮಾಸ್ಟರ್, ಸಾಮಾನ್ಯವಾಗಿ ಲೇಬಲ್‌ನ ಆಸ್ತಿ. ಅದೇ ಹಾಡನ್ನು ಬೇರೆಯವರಿಗಾಗಿ ಮತ್ತೆ ಹಾಡಬಾರದು ಎಂದು ಕಾಂಟ್ರ್ಯಾಕ್ಟಿನಲ್ಲಿ ಕೆಲವು ವರ್ಷಗಳ ಕಟ್ಟುಪಾಡು ಇರುತ್ತದೆ. ಆ ಗಡುವು ಮುಗಿದ ಮೇಲೆ ಗಾಯಕರು ಮತ್ತೆ ಹಾಡಬಹುದು. ಹೊಸ ಮಾಸ್ಟರ್ ಅವರದ್ದೇ ಅಥವಾ ಹೊಸ ಕಂಪನಿಯದ್ದು. ಹಳೆಯ ಲೇಬಲ್‌ಗೆ ಕಾಸು ಕೊಡಬೇಕಾಗಿಲ್ಲ. ಗಾಯಕರ ಕಡೆಯಿಂದ ನೋಡಿದರೆ ತಪ್ಪೇನಲ್ಲ, ಹೊದಿಕೆಯ ಮೇಲೆ ದೊಡ್ಡದಾಗಿ ಹೇಳಬೇಕು ಅಷ್ಟೇ. ದೊಡ್ಡ ಬ್ಯಾಂಡುಗಳೂ ಈ ಆಟ ಆಡಿವೆ. ದಿ ಪೊಲೀಸ್ ಬ್ಯಾಂಡ್ 1986ರಲ್ಲಿ ಸಿಂಗಲ್‌ಗಳ ಸಂಗ್ರಹ ತಂದಾಗ 1980ರ ತಮ್ಮದೇ ಒಂದು ದೊಡ್ಡ ಹಿಟ್‌ನ ಮೂಲವನ್ನು ಬಿಟ್ಟು, ಹೊಸದಾಗಿ ಹಾಡಿದ್ದನ್ನು ಹಾಕಿತು. ಮೂಲ ಬೇಕಾದವರು 1992ರ ಇನ್ನೊಂದು ಸಂಗ್ರಹದವರೆಗೆ ಕಾಯಬೇಕಾಯಿತು, ಇಲ್ಲವೇ ಹಳೆಯ ಆಲ್ಬಂ ಹುಡುಕಬೇಕಾಯಿತು.

ಪತ್ತೆ ಮಾಡಲು ಒಂದು ಗುರುತಿದೆ. ಹೊದಿಕೆಯ ಹಿಂದೆ, ಕೆಳಗಡೆ, ಚಿಕ್ಕ ಅಕ್ಷರದಲ್ಲಿ ವೃತ್ತದೊಳಗೆ ಇಂಗ್ಲಿಷಿನ ‘ಪಿ’ ಇರುತ್ತದೆ, ಅದರ ಪಕ್ಕ ಇಸವಿ. ವೃತ್ತದೊಳಗಿನ ‘ಸಿ’ ಚಿತ್ರ, ಬರಹದ ಹಕ್ಕಿಗೆ ಸಂಬಂಧಿಸಿದ್ದು. ‘ಪಿ’ ಧ್ವನಿಮುದ್ರಣದ್ದು. 1984ರ ಹಾಡಿಗೆ ‘ಪಿ 1984’ ಎಂದಿದ್ದರೆ ನಿಶ್ಚಿಂತೆ. ಒಂದೊಂದು ಹಾಡಿಗೂ ‘ಪಿ 2005’ ಎಂದಿದ್ದರೆ ಅನುಮಾನ ಪಡಿ. ಇಡೀ ಸಂಗ್ರಹಕ್ಕೆ ಒಂದೇ ಹೊಸ ಇಸವಿ ಹಾಕುವ ರೂಢಿಯೂ ಇದೆ, ಅದೊಂದನ್ನೇ ನೋಡಿ ಬೆಚ್ಚಿಬೀಳಬೇಕಾಗಿಲ್ಲ. ಲೇಬಲ್ ಯಾವುದು ಎಂದೂ ನೋಡಿ. ಬ್ಯಾಂಡಿನ ಮೂಲ ಲೇಬಲ್‌ನ ಹೆಸರು ಎಲ್ಲಿಯೂ ಕಾಣದಿದ್ದರೆ ಕೆಳಗಿಡುವುದು ವಾಸಿ.

ಧ್ವನಿಯ ಗುಣಮಟ್ಟದ ಬಗ್ಗೆ ಎರಡು ಮಾತು. ‘ಡಿಜಿಟಲ್ ರೀಮಾಸ್ಟರ್’ ಎಂಬ ಚೀಟಿಗೆ ಮರುಳಾಗಬೇಡಿ. ಹಳೆಯ ಮುದ್ರಣವನ್ನು ಮತ್ತೆ ಹದ ಮಾಡಿದ್ದಾರೆ ಎಂದಷ್ಟೇ ಅದರ ಅರ್ಥ, ಹದ ಸರಿಯಾಗಿದೆ ಎಂದಲ್ಲ. 1990ರ ದಶಕದ ನಡುವಿನಿಂದ ಸಿಡಿಗಳನ್ನು ಜೋರಾಗಿ ಕೇಳುವಂತೆ ಮಾಡುವ ಪೈಪೋಟಿ ಬಿರುಸಾಯಿತು. ಮೆಲ್ಲಗಿನ ಭಾಗವನ್ನು ಎತ್ತರಿಸಿ, ಜೋರಿನ ಭಾಗವನ್ನು ಅದುಮಿ, ಎಲ್ಲವನ್ನೂ ಒಂದೇ ಮಟ್ಟಕ್ಕೆ ತರುತ್ತಿದ್ದರು. ಐದು ನಿಮಿಷ ಖುಷಿ, ಅರ್ಧ ಗಂಟೆಗೆ ಕಿವಿ ದಣಿಯುತ್ತದೆ. ಎಲ್‌ಪಿ ತಟ್ಟೆಯಲ್ಲಿ ಸಮಸ್ಯೆ ಉಲ್ಟಾ. ಒಂದು ಬದಿಗೆ 20-22 ನಿಮಿಷ ಇದ್ದರೆ ಚೆನ್ನ. ಹದಿನಾರು ಹಾಡನ್ನು ಒಂದೇ ತಟ್ಟೆಗೆ ತುರುಕಿದರೆ ಗೆರೆಗಳು ಒತ್ತೊತ್ತಾಗಿ, ಸದ್ದು ಸಣ್ಣದಾಗುತ್ತದೆ.

ಕೊಂಡರೆ ಬ್ಯಾಂಡಿನವರಿಗೆ ಏನಾದರೂ ಸಿಗುತ್ತದಾ ಎಂದು ಕೇಳುವವರಿದ್ದಾರೆ. ಸಿಗಬಹುದು, ಆದರೆ ನೇರವಾಗಿ ಅಲ್ಲ. ಲೇಬಲ್ ಮೊದಲೇ ಕೊಟ್ಟ ಅಡ್ವಾನ್ಸ್, ಧ್ವನಿಮುದ್ರಣದ ಖರ್ಚು ಇತ್ಯಾದಿಯನ್ನು ಬ್ಯಾಂಡಿನ ರಾಯಲ್ಟಿಯಿಂದ, ಅಂದರೆ ಮಾರಾಟದಲ್ಲಿ ಅವರಿಗೆ ಬರಬೇಕಾದ ಪಾಲಿನಿಂದ, ಮುರಿದುಕೊಳ್ಳುತ್ತದೆ. ಬೇಗ ಒಡೆದ ಬ್ಯಾಂಡಿನ ಖಾತೆಯಲ್ಲಿ ಸಾಲ ಇನ್ನೂ ಉಳಿದಿರುವುದುಂಟು. ಆಗ ಸಂಗ್ರಹದ ಮಾರಾಟವೂ ಆ ಸಾಲಕ್ಕೇ ಜಮೆ. ಹಾಡು ಬರೆದವರ ಪಾಲು ಮಾತ್ರ ಬೇರೆ ದಾರಿಯಲ್ಲಿ ಬರುತ್ತದೆ. ಆಲ್ ಸೇಂಟ್ಸ್‌ನಲ್ಲಿ ಹೆಚ್ಚಿನ ಹಾಡು ಬರೆದದ್ದು ಶಾಜ್ನೇ ಲೂಯಿಸ್. ನಾಲ್ವರೂ ಹಾಡಿದರೂ ಬರೆದವರಿಗೆ ಒಂದು ಪಾಲು ಹೆಚ್ಚು. ಸೆಕೆಂಡ್ ಹ್ಯಾಂಡ್ ಕೊಂಡರೆ ಯಾರಿಗೂ ಏನೂ ಇಲ್ಲ. ಲೇಬಲ್‌ಗಂತೂ ಸಂಗ್ರಹ ಅಂದರೆ ಬೆಣ್ಣೆ. ಸ್ಟುಡಿಯೋ ಬಾಡಿಗೆ ಇಲ್ಲ, ಹಾಡು ಬರೆಸಬೇಕಾಗಿಲ್ಲ, ಜಗಳವಾಡಿದವರನ್ನು ಒಂದು ಕೋಣೆಯಲ್ಲಿ ಕೂರಿಸಬೇಕಾಗಿಯೂ ಇಲ್ಲ.

ಇನ್ನು, ‘ಇನ್ನು ಮುಂದೆ ಹಾಡು ಬರುವುದಿಲ್ಲ, ಇದೇ ಪೂರ್ತಿ’ ಎಂದುಕೊಂಡು ಕೊಳ್ಳುವವರು ಹುಷಾರು. ಒಡೆದ ಪಾಪ್ ಬ್ಯಾಂಡುಗಳಿಗೆ ಮತ್ತೆ ಸೇರುವ ಚಾಳಿ ಇದೆ. ಸ್ಟೆಪ್ಸ್ ಬ್ಯಾಂಡ್ 2001ರಲ್ಲಿ ಒಂದು ಸಂಗ್ರಹ ಬಿಟ್ಟು ಅದೇ ಡಿಸೆಂಬರ್‌ನಲ್ಲಿ ಒಡೆಯಿತು. 2011ರಲ್ಲಿ ಮತ್ತೆ ಸೇರಿ ಇನ್ನೊಂದು ಸಂಗ್ರಹ ತಂದಿತು, ಅದು ಮೊದಲ ಸ್ಥಾನಕ್ಕೂ ಹೋಯಿತು. ಆಲ್ ಸೇಂಟ್ಸ್ ಕೂಡ 2006ರಲ್ಲಿ ಮೂರನೇ ಆಲ್ಬಂ ಮಾಡಿದರು, ಆಮೇಲೆ 2016 ಮತ್ತು 2018ರಲ್ಲಿ ಇನ್ನೆರಡು. ಅಲ್ಪಾಯುಷಿ ಎಂದು ನಾನು ಮೇಲೆ ಬರೆದದ್ದೇ ಅರ್ಧ ಸುಳ್ಳಾಯಿತು.

ಸರಿ, ನನ್ನನ್ನೇ ಕೇಳಿದರೆ? ವ್ಯಾಮ್!ನದ್ದು ಕಣ್ಣು ಮುಚ್ಚಿ ಕೊಳ್ಳಬಹುದು. ‘ದಿ ಫೈನಲ್’ನಲ್ಲಿ ಕೆಲವು ಹಾಡು ಉದ್ದನೆಯ ರೂಪದಲ್ಲಿವೆ ಎಂಬುದು ಗೊತ್ತಿದ್ದರೆ ಸಾಕು. ರೇಡಿಯೋದ ಚಿಕ್ಕ ರೂಪಗಳೇ ಬೇಕೆಂದರೆ 2023ರ ಸಿಂಗಲ್‌ಗಳ ಸಂಗ್ರಹ ನೋಡಿ. ಫ್ರಾಂಕಿಯದ್ದಾದರೆ ನಾನು ಸಂಗ್ರಹ ಬಿಟ್ಟು ಮೊದಲ ಆಲ್ಬಂ ಕೊಳ್ಳುತ್ತೇನೆ. ನಾಲ್ಕು ದೊಡ್ಡ ಹಾಡೂ ಅದರಲ್ಲೇ ಇವೆ, ಎರಡನೇ ಆಲ್ಬಂನ ಸಿಂಗಲ್‌ಗಳಿಲ್ಲದೆ ನನ್ನ ಬದುಕು ನಡೆಯುತ್ತದೆ. ಟೇಕ್ ದಟ್‌ನ 1996ರದ್ದು, ಅವರ ಆಲ್ಬಂ ಒಂದೂ ಇಲ್ಲದವರಿಗೆ ಸರಿ, ಇದ್ದವರಿಗೆ ಬೇಡ.

ಆಲ್ ಸೇಂಟ್ಸ್? ಆ ಒಂಬತ್ತು ಹಾಡೂ ಮೊದಲ ಎರಡು ಆಲ್ಬಂಗಳಲ್ಲೇ ಇವೆ. ಎರಡೂ ನಿಮ್ಮ ಹತ್ತಿರ ಇದ್ದರೆ ‘ಆಲ್ ಹಿಟ್ಸ್’ನಲ್ಲಿ ನಿಮಗೆ ಸಿಗುವುದು ಬೇರೆ ಮಿಕ್ಸ್‌ಗಳು ಮಾತ್ರ. ಎರಡೂ ಇಲ್ಲದಿದ್ದರೆ ‘ಪ್ಯೂರ್ ಶೋರ್ಸ್’ ಇರುವ ಎರಡನೇ ಆಲ್ಬಂನಿಂದ ಶುರು ಮಾಡಿ. ಆ ಹಾಡಿಗೆ ನಿರ್ಮಾಪಕ ವಿಲಿಯಂ ಆರ್ಬಿಟ್ ಕೊಟ್ಟ ನೀರಿನಂಥ ಸದ್ದು ಆ ಆಲ್ಬಂನ ಬೇರೆ ಹಾಡುಗಳಿಗೂ ಹರಿದಿದೆ. ಸಂಗ್ರಹದಲ್ಲಿ ಅದು 1997ರ ಹಾಡುಗಳ ಪಕ್ಕ ಕೂತು ಸ್ವಲ್ಪ ಅನಾಥವಾಗಿ ಕೇಳಿಸುತ್ತದೆ.